ಮಧುರೈಗೆ ಹೋಗಿ ಬಂದ ಶರಣ

ನಮ್ಮ ಅಕ್ಕ ಮನೀಷಾಳ ಗಂಡ ಬಸವಕುಮಾರನಿಗೆ ಬಸವಕಲ್ಯಾಣದಲ್ಲಿ ಪೈಪು, ಮೋಟಾರಿನ ಅಂಗಡಿಯಿದೆ. ಎದುರಿಗಿದ್ದಾಗ ನಾನು ಅವನನ್ನು ಮಾಮಾ, ರೀ ಅನ್ನುತ್ತೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡುವ ಮನಸ್ಸಿಲ್ಲ. ಅಂಗಡಿ ನಡೆಸುವವರು ಅಕ್ಕ ಮತ್ತು ಕೆಲಸದ ಫಿರೋಜ್. ಇವನು ನಡೆಸುವುದು ಉಪದೇಶ. ಓಣಿಯ ಅನುಭಾವ ಗೋಷ್ಠಿಯಲ್ಲಿ ಸೋಮವಾರ ಮೈಕು ಹಿಡಿದರೆ ಕೆಳಗಿಡುವ ಮಾತೇ ಇಲ್ಲ. ಗುಡಿ ಬೇಡ, ಯಾತ್ರೆ ಬೇಡ, ಕೊರಳಿಗೆ ಕಟ್ಟಿದ ಇಷ್ಟಲಿಂಗವೇ ಗುಡಿ, ಅದನ್ನು ಗಳಿಗೆಯ ಮಟ್ಟಿಗೆ ಬಿಟ್ಟವನೂ ಶರಣನಲ್ಲ. ವಾರ ವಾರ ಇದೇ ಮಾತು. ಮಾತು ಬಂಗಾರದಂಥದ್ದೇ, ಆಡುವ ಬಾಯಿ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಳೆದ ಬೇಸಿಗೆಯಲ್ಲಿ ಆ ಬಾಯಿ ಲಲಿತಾಬಾಯಿಯ ಮೇಲೆ ಬಿತ್ತು. ಓಣಿಯ ಹಿರಿಯ ಹೆಂಗಸು. ಗಂಡ ತೀರಿಕೊಂಡ ಮೇಲೆ ಗೋಷ್ಠಿಯೇ ಅವಳಿಗೆ ತವರುಮನೆ. ದವಾಖಾನೆಯಲ್ಲಿ ಅವಳನ್ನು ಆಪರೇಶನ್ನಿಗೆ ಒಳಗೆ ಒಯ್ಯುವಾಗ ನರ್ಸು ಮೈಮೇಲಿದ್ದುದನ್ನೆಲ್ಲ ತೆಗೆಸಿದ್ದಳು, ಲಿಂಗವನ್ನೂ. ಎಚ್ಚರವಾದ ಕೂಡಲೇ ಮತ್ತೆ ಕಟ್ಟಿಕೊಂಡಿದ್ದಳು. ಆದರೂ ಮನಸ್ಸು ಕೊರೆಯಿತೆಂದು ಗೋಷ್ಠಿಯಲ್ಲಿ ತಾನಾಗಿಯೇ ಹೇಳಿಬಿಟ್ಟಳು. ಬಸವಕುಮಾರನಿಗೆ ಬೇಟೆ ಸಿಕ್ಕಂತಾಯಿತು.

“ಲಿಂಗ ಬಿಟ್ಟಾಕಿ ಭವಿ ಆದಂಗ್ರಿ. ಮತ್ತ ದೀಕ್ಷಾ ತಗೊಳೂತನಕ ಒಳಗ ಕುಂದರಬ್ಯಾಡ್ರಿ” ಅಂದ.

ಪಾಪ, ಅವಳು ಮಠಕ್ಕೆ ಹೋದಳು. ಸ್ವಾಮಿಗಳು ನಕ್ಕು, “ಇದಕ್ಕೆಂಥ ದೀಕ್ಷಾ ತಾಯಿ, ಹೋಗು” ಎಂದು ಕಳಿಸಿದರು. ಬಸವಕುಮಾರ ಒಪ್ಪಲಿಲ್ಲ. ಸ್ವಾಮಿಗಳಿಗಿಂತ ಅವನ ಶಾಸ್ತ್ರ ದೊಡ್ಡದು. ಅಂದಿನಿಂದ ಲಲಿತಾಬಾಯಿ ಹೊರಗಿನ ಕಟ್ಟೆಯ ಮೇಲೆ ಕೂತು, ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಮನೆಗೆ ಹೋಗುತ್ತಿದ್ದಳು. ಒಳಗಿದ್ದ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ಇಂಥವನಿಗೆ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಬ್ಯಾಕ್‌ಪ್ಯಾಕ್ ಹುಚ್ಚು ಹಿಡಿಯಿತು. ಬೆನ್ನಿಗೊಂದು ಚೀಲ ಕಟ್ಟಿಕೊಂಡು ರೈಲಿನಲ್ಲಿ ದೇಶ ಸುತ್ತುವವರನ್ನು ಕಂಡು ತಾನೂ ಮಧುರೈಗೆ ಹೊರಟುನಿಂತ.

“ದರ್ಶನಕ್ಕಲ್ಲ ಮತ್ತ, ಶಿಲ್ಪಕಲಾ ನೋಡಾಕ” ಅಂತ ಕೇಳದವರಿಗೂ ಹೇಳಿಕೊಂಡು ತಿರುಗಿದ.

ಅಕ್ಕ ಹುಮನಾಬಾದಿನಲ್ಲಿದ್ದ ನನಗೆ ಫೋನು ಮಾಡಿದಳು. “ಸಂಜೂ, ನೀನೂ ಹೋಗೋ ತಮ್ಮಾ. ಇವರಿಗೆ ಹೊರಗ ಹೋದ್ರ ನಾಷ್ಟಾ ಎಲ್ಲಿ ಸಿಗ್ತದ ಕೇಳಾಕೂ ಬರೂದಿಲ್ಲ.”

ಹುಮನಾಬಾದ್ ಸ್ಟೇಶನ್ನಿಗೆ ಅವನು ಬಂದಿಳಿದಾಗ ಬೆನ್ನ ಮೇಲೆ ಎಮ್ಮೆಕರುವಿನಷ್ಟು ದೊಡ್ಡ ಚೀಲ. ಒಳಗೆ ಟೆಂಟಂತೆ! ಮಧುರೈ ಪೇಟೆಯಲ್ಲಿ ಟೆಂಟು ಹೊಡೆಯುವ ಶೂರ. ಜೊತೆಗೆ ಎರಡು ಡಬ್ಬಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಚೀಲ ಹೊತ್ತು ಫೋಟೊ ತೆಗೆಸಿಕೊಂಡ, ಆಮೇಲೆ ಚೀಲ ನನ್ನ ಬೆನ್ನಿಗೆ ಬಂತು. ಕಲಬುರಗಿಯಲ್ಲಿ ಗಾಡಿ ಬದಲಿಸುವಾಗಲೂ ನಾನೇ ಹೊತ್ತೆ. ದಾರಿಯುದ್ದಕ್ಕೂ ಕೆಳಗಿನ ಬರ್ತಿನಲ್ಲಿ ಕಾಲು ಚಾಚಿ, ಎದುರಿಗೆ ಕೂತ ತಮಿಳರಿಗೆ ಗುಡಿ ಸಂಸ್ಕೃತಿಯ ಕೇಡನ್ನು ಕನ್ನಡದಲ್ಲಿ ತಿಳಿಸಿ ಹೇಳಿದ. ಅವರು ಪಾಪ ತಲೆಯಾಡಿಸಿದರು.

ಮಧುರೈ ಗುಡಿಯೊಳಗೆ ಚೀಲ, ಫೋನು ಬಿಡುವುದಿಲ್ಲ. ಅವನ್ನು ಹೊರಗಿನ ಕೌಂಟರಿನಲ್ಲಿಟ್ಟು ಸರದಿಯಲ್ಲಿ ನಿಂತೆವು. ನನ್ನ ಲಿಂಗ ಬಟ್ಟೆಯಲ್ಲಿ ಕಟ್ಟಿದ್ದು, ತಪಾಸಣೆಯ ಯಂತ್ರ ಸುಮ್ಮನಿತ್ತು. ಅವನದು ಊರಿಗೆಲ್ಲ ಕಾಣಲೆಂದು ಮಾಡಿಸಿದ ಪೇರಲಹಣ್ಣಿನ ಗಾತ್ರದ, ಲಿಂಗವಿಡುವ ಬೆಳ್ಳಿ ಕರಡಿಗೆ. ಯಂತ್ರ ಕುಂಯ್ ಅಂದಿತು. ಕಾವಲಿನವನು ಅಂಗಿಯತ್ತ ಬೆರಳು ತೋರಿಸಿ ಏನದು ಎಂದು ಕೇಳಿದ, ಅಷ್ಟೇ. ತೆಗೆ ಅನ್ನಲಿಲ್ಲ, ಹಿಂದೆ ಹೋಗು ಅನ್ನಲಿಲ್ಲ. “ದೇವರು” ಅಂದಿದ್ದರೆ ಅವನೇ ಕೈ ಮುಗಿದು ಬಿಡುತ್ತಿದ್ದ.

“ಲಿಂಗ ಅಂತ ಹೇಳ್ರಿ ಮಾಮಾ” ಅಂದೆ.

“ಸುಮ್ನಿರೋ, ಪಾಳಿ ತಪ್ತದ” ಎಂದವನೇ ಕೌಂಟರಿಗೆ ಓಡಿದ. ಕೊರಳಿನಿಂದ ಕರಡಿಗೆ ಬಿಚ್ಚಿ, ಫೋನಿನ ಜೊತೆ ಇಟ್ಟು, ಜಲ್ದಿ ಜಲ್ದಿ ಬಂದು ನನ್ನ ಹಿಂದೆ ತೂರಿಕೊಂಡ. ಒಳಗೆ ಶಿಲ್ಪಕಲೆಯ ಕಡೆ ಕತ್ತೆತ್ತಿಯೂ ನೋಡಲಿಲ್ಲ. ದರ್ಶನಕ್ಕೆ ಮುದುಕಿಯರನ್ನು ಮೊಣಕೈಯಿಂದ ತಳ್ಳಿ ಮುಂದೆ ಹೋದ. ಹಣೆಯ ತುಂಬ ಕುಂಕುಮ ಮೆತ್ತಿಕೊಂಡ. ಹೊರಗೆ ಬಂದು ಕೌಂಟರಿನಲ್ಲಿ ಮೊದಲು ಫೋನು ಕೇಳಿದ, ಲಿಂಗ ಆಮೇಲೆ.

ನನಗೆ ತಡೆಯಲಾಗಲಿಲ್ಲ. “ಲಲಿತಾಬಾಯಿಗ ಏನಂತ ಹೇಳ್ತೀರಿ?”

“ಅಕಿ ಮಾತ ಬ್ಯಾರೆ” ಅಂದ, ಕುಂಕುಮ ಒರೆಸಿಕೊಳ್ಳುತ್ತ.

ಊರಿಗೆ ಬಂದ ಮೇಲಿನ ಸೋಮವಾರ ಗೋಷ್ಠಿಯಲ್ಲಿ ಅವನದೇ ಪ್ರವಾಸಕಥನ. ಕೇಳಲು ನಾನೂ ಹುಮನಾಬಾದಿನಿಂದ ಹೋಗಿ ಕೂತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಇವನು ತಿಂದದ್ದನ್ನೂ ಆಚಾರ ಮಾಡಿ ಬಡಿಸಿದ.

“ಲಿಂಗ ತೆಗಿ ಅಂದ್ರು. ಗುಡಿ ಬಿಟ್ಟೇನು, ಲಿಂಗ ಬಿಡಂಗಿಲ್ಲ ಅಂದೆ! ದಂಗಾಗಿ ಒಳಗ ಬಿಟ್ರು.”

ಚಪ್ಪಾಳೆಯೋ ಚಪ್ಪಾಳೆ. ಹೊರಗೆ ಕಟ್ಟೆಯ ಮೇಲೆ ಲಲಿತಾಬಾಯಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅದನ್ನು ನೋಡಿದ್ದೇ ತಡ, ನಾನು ಎದ್ದುನಿಂತೆ. ಅಕ್ಕನ ಸಂಸಾರ ನೆನಪಾಯಿತು, ಆದರೂ ಬಾಯಿ ನಿಲ್ಲಲಿಲ್ಲ.

“ಸುಳ್ಳ್ರಿ. ಮಾಮಾ ಲಿಂಗಾನ ಹೊರಗ ಕೌಂಟರಿನ್ಯಾಗ ಇಟ್ಟು ಒಳಗ ಬಂದಾರ. ನಾ ಕಣ್ಣಾರೆ ನೋಡೇನಿ.”

ಎಲ್ಲರೂ ಅವನತ್ತ ತಿರುಗಿದರು. ಅವನ ನಾಚಿಕೆ ಎಷ್ಟು ಹೊತ್ತಿನದು? ಮೈಕನ್ನು ಇನ್ನೊಂದು ಕೈಗೆ ಬದಲಿಸುವಷ್ಟು ಹೊತ್ತಿನದು. “ಇಟ್ಟಿದ್ದು ಖರೇ. ಅದು ಬರೇ ಹೊರಗಿನ ಇಷ್ಟಲಿಂಗ. ಪ್ರಾಣಲಿಂಗ ನನ್ನ ಎದ್ಯಾಗೇ ಇತ್ತು” ಎಂದ. ಮುಂದೆ ಕೂತಿದ್ದ ದೊಡ್ಡವರು ಹೌದೌದೆಂದು ತಲೆಯಾಡಿಸಿದರು.

ಆಗ ಬಾಗಿಲಲ್ಲಿ ಲಲಿತಾಬಾಯಿ ನಿಂತಿದ್ದಳು.

“ಹೌದೇನಪಾ? ಹಂಗಿದ್ರ ದವಾಖಾನ್ಯಾಗ ಮಲಗಿದಾಗ ನನ್ನ ಎದಿ ಎಲ್ಲಿ ಹೋಗಿತ್ತು?”

ಅವಳು ಉತ್ತರಕ್ಕೆ ಕಾಯಲಿಲ್ಲ. ಒಳಗೆ ಬಂದಳು, ದೊಡ್ಡವರನ್ನು ಸರಿಸಿ ಮುಂದಿನ ಜಮಖಾನೆಯ ಮೇಲೆ ಕೂತಳು. ಬಸವಕುಮಾರ ಮೈಕು ಹಿಡಿದು ನಿಂತೇ ಇದ್ದ.

“ಕುಂದರಪಾ, ಸಾಕು” ಅಂದಳು.

ಕೂತ.