ನಗರದ ದಾರಿ ತಲೆಗೆ ಹತ್ತದೆ ನಾಲ್ಕು ಸಾವಿರದ ಪರೀಕ್ಷೆಗೆ ಕೂತದ್ದು

ಚಾಮರಾಜನಗರಕ್ಕೆ ಬಂದ ಮೂರನೇ ವಾರ ನಾನು ಯಾರದೋ ಮನೆಗೆ ನುಗ್ಗಿ, ಕೈಕಾಲು ತೊಳೆದು, ಊಟಕ್ಕೆ ಕೂತುಬಿಟ್ಟೆ. ಎರಡು ತುತ್ತು ಮುದ್ದೆ ನುಂಗಿದ ಮೇಲೆ ಸಾರು ಬಡಿಸುತ್ತಿರುವವಳು ನಮ್ಮವ್ವ ಅಲ್ಲ ಎಂದು ಗೊತ್ತಾಯಿತು. ಆಕೆ ನನ್ನನ್ನು ತನ್ನ ಮಗನ ಗೆಳೆಯ ಎಂದುಕೊಂಡಿದ್ದಳಂತೆ.

"ಯಾರ್ ಮಗ್ನಪ್ಪ ನೀನು?"

"ಇನ್ನೊಂಚೂರು ಸಾರು ಬುಡಿ, ಆಮೇಲೆ ಯೋಳ್ತೀನಿ" ಎಂದೆ.

ನಮ್ಮೂರು ತೆರಕಣಾಂಬಿಯ ಗೆಳೆಯರು ಇದನ್ನು ಓದಿ ನಗಲಿ. ಆದರೆ ಹೊರಗೆ ಬಂದು ನಾನು ಅತ್ತದ್ದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ. ನಮ್ಮ ಮನೆ ಪಕ್ಕದ್ದೇ ಆಗಿತ್ತು. ಹುಡುಕಲು ಒಂದು ಗಂಟೆ ಬೇಕಾಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೋದ ವರ್ಷ ಗುಂಡ್ಲುಪೇಟೆಯಿಂದ ಬರುವಾಗ ಬಸ್ಸಿನ ಟಾಪ್ ಮೇಲೆ ನಿಂತು ಹೀರೋ ತರ ಕೈ ಬೀಸಿದೆ. ಹುಣಸೆ ಕೊಂಬೆಯೂ ಬೀಸಿತು, ನನ್ನ ತಲೆಗೆ. ಎರಡು ದಿನ ಎಚ್ಚರವಿರಲಿಲ್ಲ. ನಾನು ಹೇಳುವಾಗ ಅದು ಹನ್ನೆರಡು ದಿನ. ಗಾಯ ಮಾಯಿತು, ಹಳೆಯದೆಲ್ಲ ನೆನಪಿನಲ್ಲಿ ಉಳಿಯಿತು, ಹೊಸದು ಮಾತ್ರ ನಿಲ್ಲದಾಯಿತು. ಇಲ್ಲಿ ಹೇಳುತ್ತಿರುವುದರಲ್ಲಿ ಬಹುಪಾಲು ಅಂದಂದೇ ಗೀಚಿಟ್ಟದ್ದು, ಉಳಿದದ್ದು ಮನೆಯವರು ನೆನಪಿಸಿದ್ದು. ಅಷ್ಟರಲ್ಲಿ ರೇಷ್ಮೆ ಇಲಾಖೆಯಲ್ಲಿ ಅಟೆಂಡರ್ ಆಗಿರುವ ಅಪ್ಪನಿಗೆ ನಗರಕ್ಕೆ ವರ್ಗವಾಯಿತು. ಇಲ್ಲಿಯವರು ಚಾಮರಾಜನಗರವನ್ನು ಬರೀ ನಗರ ಎನ್ನುತ್ತಾರೆ. ಬಸ್ಸಿನಲ್ಲಿ ಒಂದು ಗಂಟೆಯ ದೂರ. ನನ್ನ ತಲೆಗೆ ಏಳು ಸಮುದ್ರದಾಚೆ.

ನಮ್ಮೂರಿನ ಮನೆಗಳಿಗೆ ಒಂದೊಂದಕ್ಕೂ ಒಂದು ಮುಖವಿದೆ. ಇಲ್ಲಿಯ ವಠಾರದಲ್ಲಿ ಎಂಟು ಮನೆ, ಎಂಟಕ್ಕೂ ಅದೇ ಹಸಿರು ಬಾಗಿಲು. ಊರಲ್ಲಿ ದಾರಿ ತಪ್ಪಿದವನನ್ನು ಯಾರ ಮೊಮ್ಮಗ ಎಂದು ಗುರುತು ಹಿಡಿದು ಮನೆಗೆ ತಲುಪಿಸುತ್ತಾರೆ. ಇಲ್ಲಿ ಎಲ್ಲಿಗೆ ಹೋಗಬೇಕು ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲದ್ದು ಅದೊಂದೇ. ಎಡಗೈ ಮೇಲೆ ದಾರಿ ಬರೆದುಕೊಳ್ಳತೊಡಗಿದೆ: ಅರಿಶಿನದ ಮಂಡಿ, ಎಡಕ್ಕೆ, ನೀರಿನ ಟ್ಯಾಂಕು. ಕೈ ತೊಳೆದರೆ ನಗರವೇ ಅಳಿಸಿಹೋಗುತ್ತಿತ್ತು.

ಹೆಡ್‌ಮಾಸ್ಟರು ಅಪ್ಪನನ್ನು ಕರೆಸಿದರು. "ಇವ್ನಿಗೆ ಮರೆವೋ, ನಾಟ್ಕವೋ ನಂಗೆ ಗೊತ್ತಾಗ್ತಿಲ್ಲ. ತಜ್ಞರ ವರದಿ ತನ್ನಿ, ಎಸ್ಸೆಸ್ಸೆಲ್ಸಿಗೆ ಹೆಚ್ಚಿನ ಟೈಮ್ ಕೇಳನ. ಇಲ್ದಿದ್ರೆ ಈ ವರ್ಷ ಕೂರ್ಸೋಕೆ ಆಗಲ್ಲ."

ಸರ್ಕಾರಿ ಆಸ್ಪತ್ರೆಯ ಸರದಿ ಬರುವಷ್ಟರಲ್ಲಿ ಫಾರಂ ತುಂಬುವ ದಿನ ದಾಟುತ್ತಿತ್ತು. ಉಳಿದದ್ದು ಮೈಸೂರಿನಿಂದ ತಿಂಗಳಿಗೊಂದು ಭಾನುವಾರ ಖಾಸಗಿ ಕ್ಲಿನಿಕ್ಕಿಗೆ ಬರುವ ಮೇಡಂ. ಮಾಡುವುದು ನ್ಯೂರೋಸೈಕಾಲಜಿ ಪರೀಕ್ಷೆ, ಅಂದರೆ ಪೆಟ್ಟು ಬಿದ್ದ ಮಿದುಳು ಯಾವ ಕೆಲಸ ಮಾಡುತ್ತದೆ, ಯಾವುದನ್ನು ಕೈಬಿಟ್ಟಿದೆ ಎಂದು ನೋಡುವುದು. ಫೀಸು ನಾಲ್ಕು ಸಾವಿರ, ಸಾಲದ ಕಂತು ಕಳೆದು ಅಪ್ಪನ ಕೈಗೆ ಬರುವ ಸಂಬಳದ ಮುಕ್ಕಾಲು. ಸೈಕಲ್ ಮಾರಿ ಮೊಪೆಡ್ ಕೊಳ್ಳುವ ಮಾತನ್ನು ಅಪ್ಪ ಅಲ್ಲಿಗೇ ನಿಲ್ಲಿಸಿದ.

ದೊಡ್ಡ ಪರೀಕ್ಷೆ ಎಂದ ಮೇಲೆ ರಕ್ತ ತೆಗೆಯದೆ ಇರುತ್ತಾರೆಯೇ ಎಂದು ಅವ್ವ ಬೆಳಗ್ಗೆ ನನಗೆ ನೀರನ್ನೂ ಕೊಡಲಿಲ್ಲ. ನನ್ನ ಹೊಟ್ಟೆಯ ಸದ್ದು ಕೇಳಿ ಮೇಡಂ ಪೆನ್ಸಿಲ್ ಕೆಳಗಿಟ್ಟರು. "ಮೊದಲು ತಿಂಡಿ ತಿನ್ನಿಸಿಕೊಂಡು ಬನ್ನಿ. ಹಸಿದ ತಲೆಯನ್ನ ನಾನು ಏನಂತ ಪರೀಕ್ಷೆ ಮಾಡಲಿ?" ಆರು ಇಡ್ಲಿ ತಿಂದೆ. ನಿಮಗೆ ಯಾರಾದರೂ ಹದಿನಾರು ಎಂದರೆ ಅದನ್ನು ಹಬ್ಬಿಸಿದವನು ನಾನೇ.

ಸೂಜಿಯಿಲ್ಲ, ಮೆಷಿನ್ನಿಲ್ಲ. ಮೊದಲ ಒಂದು ಗಂಟೆ ಅಪ್ಪ ಅವ್ವನಿಗೇ ಪ್ರಶ್ನೆ: ಇವನು ಯಾವಾಗ ನಡೆದ, ಯಾವಾಗ ಮಾತಾಡಿದ, ಪೆಟ್ಟಾದ ಮೇಲೆ ಏನು ಬದಲಾಯಿತು. ಸ್ಕ್ಯಾನ್, ಮಾರ್ಕ್ಸ್ ಕಾರ್ಡು, ಹಳೆಯ ನೋಟ್‌ಬುಕ್ಕು ಎಲ್ಲ ನೋಡಿದರು. ಆಮೇಲೆ ನಾನೊಬ್ಬನೇ. ಒಳಗೆ ಹೋಗುವಾಗ ಅಪ್ಪ ಪಿಸುಗುಟ್ಟಿದ: "ಮಾನ ಕಳೀಬ್ಯಾಡ ಕಣ್ಲಾ. ಫಸ್ಟ್ ಕ್ಲಾಸಲ್ಲಿ ಪಾಸಾಗ್ಬುಡು."

ಬಣ್ಣದ ಕಟ್ಟಿಗೆ ತುಂಡು ಜೋಡಿಸು, ಅಂಕಿಗಳನ್ನು ತಿರುಗಾಮುರುಗಾ ಹೇಳು, ಈ ಚಿತ್ರವನ್ನು ನೋಡಿ ಬರೆ, ಅರ್ಧ ಗಂಟೆ ಬಿಟ್ಟು ನೋಡದೆ ಬರೆ. ಹೀಗೆ ನಾಲ್ಕು ಗಂಟೆ, ನಡುವೆ ಒಂದು ಟೀ. ಹದಿನೈದು ಪದಗಳನ್ನು ಓದಿ ಹೇಳುತ್ತೇನೆ, ಆಮೇಲೆ ಕೇಳುತ್ತೇನೆ ಎಂದರು. ಅವರು ಓದುತ್ತಿದ್ದಂತೆ ಮೇಜಿನ ಕೆಳಗೆ ಅಂಗೈ ಮೇಲೆ ಗೀಚಿಕೊಂಡೆ. ಕೇಳಿದಾಗ ಮಗ್ಗಿಯ ಹಾಗೆ ಒಪ್ಪಿಸಿದೆ.

"ಕೈ ತೋರಿಸು" ಎಂದರು ಮೇಡಂ.

ತೋರಿಸಿದೆ. ಬೈಯಲಿಲ್ಲ. "ಇಲ್ಲಿ ನೀನು ಗೆದ್ದುಬಿಟ್ಟರೆ ನಾನು ಎಲ್ಲಾ ಸರಿಯಾಗಿದೆ ಅಂತ ಬರೀಬೇಕಾಗುತ್ತೆ. ಆಮೇಲೆ ಶಾಲೇಲಿ ಯಾರು ನಿನ್ನ ಮಾತು ನಂಬ್ತಾರೆ? ನೀನು ಎಷ್ಟು ಮರೀತೀಯ ಅಂತ ನೋಡೋಕೆ ನಿಮ್ಮಪ್ಪ ದುಡ್ಡು ಕೊಟ್ಟಿರೋದು."

ಕೈ ತೊಳೆದು ಬಂದೆ. ಬೇರೆ ಪಟ್ಟಿ ಓದಿದರು. ಅರ್ಧ ಗಂಟೆಯ ನಂತರ ಎರಡೇ ಪದ ಬಂದವು. ಎರಡನ್ನು ಇಪ್ಪತ್ತು ಮಾಡುವ ನನ್ನ ಬಾಯಿ ಅಂದು ಎರಡನ್ನು ಎರಡೆಂದೇ ಹೇಳಿತು. ನೆನಪಾಗುತ್ತಿಲ್ಲ ಎಂದು ಒಬ್ಬರ ಮುಂದೆ ನಾನು ಹೇಳಿದ್ದು ಅದೇ ಮೊದಲು.

ಮುಂದಿನ ತಿಂಗಳು ಆರು ಹಾಳೆಯ ವರದಿ ಕೊಟ್ಟು, ಕೂರಿಸಿ ವಿವರಿಸಿದರು. ಅದೂ ನಾಲ್ಕು ಸಾವಿರದಲ್ಲೇ ಸೇರಿತ್ತು. ವರದಿಗೆ ಬೇರೆ ದುಡ್ಡು ಕೇಳುವವರೂ ಇದ್ದಾರಂತೆ, ಹೋಗುವವರು ಮೊದಲೇ ಕೇಳಿಕೊಳ್ಳಿ.

"ಮೇಡಮ್ಮೋರೆ, ನಮ್ ಉಡ್ಗ ದಡ್ಡನಾ?" ಎಂದ ಅಪ್ಪ.

"ಅಲ್ಲ. ಯೋಚನೆ ಚುರುಕಾಗಿದೆ, ಹಳೇದೆಲ್ಲ ಗಟ್ಟಿಯಾಗಿದೆ. ಹೊಸದು ಕೂರೋಕೆ ಬಹಳ ಸಲ ಬೇಕು. ಇದಕ್ಕೆ ಮಾತ್ರೆ ಇಲ್ಲ. ಬರೆದಿಟ್ಟುಕೊಳ್ಳಬೇಕು, ಬೇಜಾರಿಲ್ಲದೆ ಹೇಳಿಕೊಡಬೇಕು. ಹೆಚ್ಚಿನ ಸಮಯ ಬೇಕು ಅಂತ ಬರೆದಿದ್ದೀನಿ. ಕೊಡೋದು ಪರೀಕ್ಷೆ ನಡೆಸೋರಿಗೆ ಬಿಟ್ಟದ್ದು."

"ಇದ್ನೆಲ್ಲ ನಾ ಪುಗಸಟ್ಟೆ ಯೋಳಿರ್ನಿಲ್ವಾ?" ಎಂದಳು ಅವ್ವ.

ದಾರಿಯಲ್ಲಿ ಅಪ್ಪ ನಿಂತ. "ಊರ್ಗೇ ಓಗ್ಬುಡು ಮಗ. ಅಜ್ಜಿ ತಾವ ಇದ್ಕೊಂಡು ಅಲ್ಲೇ ಪರೀಕ್ಷೆ ಬರಿ. ದಾರಿಯಾದ್ರೂ ಗೊತ್ತಿರ್ತದೆ."

ಶನಿವಾರ ತೆರಕಣಾಂಬಿಗೆ ಹೋದೆ. ಬಸ್‌ಸ್ಟ್ಯಾಂಡಿನಿಂದ ಅಜ್ಜಿ ಮನೆಯವರೆಗೆ ಕಣ್ಣು ಮುಚ್ಚಿ ನಡೆದು ಗೆಳೆಯ ಸಿದ್ದನಿಗೆ ತೋರಿಸಿದೆ. ಒಂದು ಕಲ್ಲನ್ನೂ ಎಡವಲಿಲ್ಲ. ಪಕ್ಕದ ಅವನ ಮನೆಯ ಜಗಲಿಯ ಮೇಲೆ ಸಿದ್ದನ ಅಕ್ಕನ ತೊಡೆಯಲ್ಲಿ ಒಂದು ಕೂಸು ಮಲಗಿತ್ತು.

"ಯಾವಾಗ್ಲಾ ಉಟ್ತು ಇದು?" ಎಂದೆ.

"ಓದ್ ತಿಂಗ್ಳು ನಾಮಕರಣಕ್ಕೆ ಬಂದು ನೀನೇ ತೊಟ್ಲು ತೂಗ್ದಲ್ಲಾ. ಎಂಟು ಒಬ್ಬಟ್ಟು ತಿಂದೆ ಕಣ್ಲಾ."

ತಮಾಷೆ ಮಾಡುತ್ತಿದ್ದಾನೆ ಎಂದು ಅವನ ಮುಖ ನೋಡಿದೆ. ಸಿದ್ದ ನಗಲಿಲ್ಲ. ಅವನಕ್ಕ ಸೆರಗಿನಿಂದ ಕೂಸಿಗೆ ಗಾಳಿ ಹಾಕುತ್ತ ತಲೆ ತಗ್ಗಿಸಿದಳು. ನಾನು ಬಿಟ್ಟುಬಂದ ಊರು ನನ್ನನ್ನು ಹತ್ತಿಸಿಕೊಳ್ಳದೆ ಮುಂದೆ ಹೋಗುತ್ತಿತ್ತು.

ನಗರದಲ್ಲೇ ಬರೆಯುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ವರದಿ ಓದಿ ಹೆಡ್‌ಮಾಸ್ಟರು ಫಾರಂ ಕೊಟ್ಟರು. ಹೆಚ್ಚಿನ ಸಮಯ ಸಿಗುತ್ತದೋ ಇಲ್ಲವೋ ಇನ್ನೂ ತಿಳಿದಿಲ್ಲ. ಕಾಯಂ ವಿಳಾಸದ ಜಾಗದಲ್ಲಿ ತೆರಕಣಾಂಬಿಯ ಮನೆಯನ್ನು ಪೆನ್ನು ಎತ್ತದೆ ಬರೆದೆ. ಈಗಿನ ವಿಳಾಸಕ್ಕೆ ಅವ್ವನನ್ನು ಕೇಳಬೇಕಾಯಿತು. ಒಲೆಯ ಮುಂದಿನಿಂದಲೇ ಅವಳು ಮನೆ ನಂಬರು ಕೂಗಿದಳು, ಬರೆದುಕೊಂಡೆ. ಬೀದಿಯ ಹೆಸರು ಕೇಳುವಷ್ಟರಲ್ಲಿ ನಂಬರು ಮರೆತುಹೋಗಿತ್ತು. ಆದರೆ ಅದು ಆಗಲೇ ಹಾಳೆಯ ಮೇಲಿತ್ತು, ನನ್ನದೇ ಕೈಬರಹದಲ್ಲಿ.