ಏಳೂವರೆಯ ಬೈಗುಳ

ನನ್ನಣ್ಣನನ್ನು ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಏಳೂವರೆ. ಮೋಟಾರ್‌ಸೈಕಲ್ ವೈರಿಂಗ್ ಅವನ ಕಸುಬು. ಬ್ಯಾಟರಿಯಿಂದ ಒಂದು ಜೋಡಿ ವೈರು ಎಳೆದು, ಸೀಟಿನ ಪಕ್ಕದಿಂದ ಹೊರಗೆ ತಂದು, ತುದಿಗೊಂದು ಪ್ಲಗ್ ಬಿಡುತ್ತಿದ್ದ. ನಿಂತ ಗಾಡಿಯ ಬ್ಯಾಟರಿಗೆ ಚಾರ್ಜು ಕೊಡಲೆಂದು ಇರುವ ವೈರು ಅದು. ಜನ ಬಿಡುತ್ತಾರೆಯೇ? ಅದಕ್ಕೇ ಫೋನು, ಅದಕ್ಕೇ ಲೈಟು, ಅದಕ್ಕೇ ಗಾಳಿ ಹೊಡೆಯುವ ಪಂಪು.

"ಹಾಕ್ಕೊಳ್ಳಿ, ಯಾರು ಬೇಡ ಅಂದ್ರು? ಆದ್ರೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರ್ಬೇಕು. ಏಳೂವರೆ ಆಂಪ್ಸು. ಹತ್ತಲ್ಲ, ಹದಿನೈದಲ್ಲ," ಎನ್ನುತ್ತಿದ್ದ. ಹೆಸರು ಹಾಗೆ ಅಂಟಿಕೊಂಡಿತು.

ಬಾಯಿ ಮಾತ್ರ ಕೆಟ್ಟ ಬಾಯಿ. ಫ್ಯೂಸಿಗೆ ಬೆಳ್ಳಿ ಕಾಗದ ಸುತ್ತಿಕೊಂಡು ಬಂದ ಹಾಲಿನವನೊಬ್ಬನ ಕೀಲಿಯನ್ನು ರಸ್ತೆಗೇ ಎಸೆದಿದ್ದ. "ಫ್ಯೂಸ್ ಹೋಗೋದೇ ನಿನ್ನ ಉಳಿಸೋಕೆ ಕಣಯ್ಯಾ! ಅದರ ಬಾಯಿ ಮುಚ್ಚಿಸಿದ್ರೆ ಸುಡೋದು ನಿನ್ನ ಕುಂಡಿನೇ!" ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಹಾಲಿನವನು ಗೊಣಗಿಕೊಂಡು ಹೋದ, ಮರುದಿನ ಬಂದ. ಬರದೆ ಎಲ್ಲಿಗೆ ಹೋಗುತ್ತಾನೆ? ಕಣ್ಣು ಮುಚ್ಚಿ, ಬೆರಳ ತುದಿಯಿಂದ ವೈರನ್ನು ಸವರಿ, ಒಳಗೆ ಎಳೆ ತುಂಡಾದದ್ದು ಎಲ್ಲಿ ಎಂದು ಹೇಳುವವನು ಆ ಸುತ್ತಮುತ್ತ ಇವನೊಬ್ಬನೇ.

ನಾನು ಪುಸ್ತಕ ಬೈಂಡ್ ಮಾಡುವವನು. ನಮ್ಮಿಬ್ಬರ ಅಂಗಡಿಗಳ ನಡುವೆ ಒಂದು ಹಲಗೆಯ ಗೋಡೆ. ಅಪ್ಪನಿಗೂ ಹೆದರದ ನಾನು ಅಣ್ಣನ ಬೈಗುಳಕ್ಕೆ ಹೆದರುತ್ತಿದ್ದೆ. ನಲವತ್ತಾರು ವರ್ಷದ ಕತ್ತೆ, ಹೇಳಿಕೊಳ್ಳಲೂ ನಾಚಿಕೆ.

ಅವತ್ತು ಶಾಲೆಗೆ ರಿಜಿಸ್ಟರುಗಳ ಕಟ್ಟು ಒಯ್ಯಲು ಅವನ ಗಾಡಿ ತೆಗೆದುಕೊಂಡು ಹೋಗಿದ್ದೆ. ಅರ್ಧ ದಾರಿಯಲ್ಲಿ ಹಿಂದಿನ ಟೈರು ಮೆತ್ತಗಾಯಿತು. ಗಾಡಿಯ ಡಬ್ಬಿಯಲ್ಲಿದ್ದ ಹಳೇ ಪಂಪನ್ನು ಆ ಪ್ಲಗ್ಗಿಗೆ ಸಿಕ್ಕಿಸಿದೆ. ಟಪ್ ಎಂದು ಫ್ಯೂಸ್ ಹೋಯಿತು. ವೈರಿಗೇ ಟೇಪಿನಿಂದ ಒಂದು ಹೆಚ್ಚುವರಿ ಫ್ಯೂಸ್ ಅಂಟಿಸಿಡುವುದು ಅಣ್ಣನ ಪದ್ಧತಿ. ಅದನ್ನೂ ಹಾಕಿದೆ, ಅದೂ ಹೋಯಿತು. ಪಂಪೇ ಕೆಟ್ಟಿದೆ ಎಂದು ಯಾವ ಪೆದ್ದನಿಗಾದರೂ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಬೇರೆ. ಜೇಬಿನಲ್ಲಿ ಹೊಲಿಗೆಯ ತಂತಿ ಇತ್ತು, ನೋಟ್‌ಬುಕ್ಕಿನ ಬೆನ್ನಿಗೆ ಪಿನ್ನಾಗಿ ಹೊಡೆಯುವ ತಂತಿ. ಮೂರೆಳೆ ಜೋಡಿಸಿ, ಎರಡೂ ತುದಿ ಮಡಿಸಿ, ಫ್ಯೂಸಿನ ಜಾಗಕ್ಕೆ ಒತ್ತಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಪಂಪು ಏದುಸಿರು ಬಿಡುತ್ತಾ ಗಾಳಿ ತುಂಬಿತು. ಹೊತ್ತಾಗಿತ್ತು, ವೈರನ್ನು ಹೇಗೋ ಒಳಗೆ ತುರುಕಿ, ಅದರ ಮೇಲೇ ಸೀಟು ಗುದ್ದಿ ಕೂರಿಸಿ ಹೊರಟೆ.

ಸಂಜೆ ಗಾಡಿ ಒಪ್ಪಿಸುವಾಗ ಹೇಳಬೇಕಿತ್ತು. ಅಣ್ಣ ಆಗಲೇ ಯಾರ ಮೇಲೋ ಕೂಗಾಡುತ್ತಿದ್ದ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ, ನಾಡಿದ್ದು ಎನ್ನುತ್ತಾ ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು!

ಐದನೆಯ ದಿನ ಬೆಳಿಗ್ಗೆ ಅಣ್ಣ ಗಾಡಿ ತಂದು ಅಂಗಡಿಯೊಳಗೆ ನಿಲ್ಲಿಸಿದ. ಅಕ್ಕಪಕ್ಕ ರಿಪೇರಿಗೆ ಬಂದ ಆರು ಗಾಡಿಗಳಿದ್ದವು. ಸೀಟಿನಡಿ ಸಿಕ್ಕಿ ನಾಲ್ಕು ದಿನ ಉಜ್ಜಿ ಉಜ್ಜಿ ಸಿಪ್ಪೆ ಬಿಟ್ಟಿದ್ದ ವೈರು ಆಗಲೇ ಗಾಡಿಯ ಕಬ್ಬಿಣದ ಚಾಸಿಗೆ ತಾಗಿತು. ಸರಿಯಾದ ಫ್ಯೂಸ್ ಇದ್ದಿದ್ದರೆ ಟಪ್ ಎಂದು ಹೋಗಿ ಸುಮ್ಮನಾಗುತ್ತಿತ್ತು. ನನ್ನ ತಂತಿ ಹೋಗಲಿಲ್ಲ. ರಬ್ಬರು ಸುಟ್ಟ ವಾಸನೆಗೆ ನಾನು ಓಡಿ ಬರುವಷ್ಟರಲ್ಲಿ ಅಣ್ಣ ಸೀಟು ಕಿತ್ತೆಸೆದಿದ್ದ. ವೈರು ಉದ್ದಕ್ಕೂ ಕೆಂಪಗಾಗಿತ್ತು, ಪೆಟ್ರೋಲ್ ಟ್ಯಾಂಕು ಮುಂದೆಯೇ.

"ಬಿಡೋ ಅಣ್ಣಾ, ಆಚೆ ಬಾರೋ!" ಎಂದು ಚೀರಿದೆ.

"ಜನರ ಗಾಡಿಗಳೋ!" ಎಂದವನೇ ಬರಿಗೈಯಲ್ಲಿ ವೈರನ್ನು ಹಿಡಿದು ಬ್ಯಾಟರಿಯಿಂದ ಕಿತ್ತ. ಕಿತ್ತ ವೈರು ಕೈ ಬಿಡಲಿಲ್ಲ, ಕರಗಿದ ಪ್ಲಾಸ್ಟಿಕ್ ಅಂಗೈಗೆ ಅಂಟಿಕೊಂಡಿತ್ತು. ಆ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಗಾಡಿಗಳು ಉಳಿದವು. ಅಣ್ಣನ ಬಲಗೈಯ ಮೂರು ಬೆರಳು ಸೆಟೆದುಕೊಂಡವು, ತುದಿಗಳಲ್ಲಿ ಸ್ಪರ್ಶವೇ ಇಲ್ಲ.

ಫ್ಯೂಸಿನ ಜಾಗದಲ್ಲಿ ತಂತಿ ಇದ್ದದ್ದನ್ನು ಮೊದಲು ಕಂಡವನು ಹಾಲಿನವನು. ಅಣ್ಣ ಆಸ್ಪತ್ರೆಯಿಂದ ಬಂದ ದಿನ ಜನರೆದುರೇ ಕೇಳಿದ: "ಏನ್ ಏಳೂವರೆ, ಊರಿಗೆಲ್ಲ ಬುದ್ಧಿ ಹೇಳಿ ನೀನೇ ತಂತಿ ಸಿಕ್ಕಿಸ್ಕೊಂಡಿದ್ಯಾ?"

ಅಣ್ಣ ಸುಟ್ಟ ತಂತಿಯನ್ನು ಎಡಗೈಯಲ್ಲಿ ತೆಗೆದುಕೊಂಡು ನೋಡಿದ. ಒಳಕ್ಕೆ ಮಡಿಸಿದ್ದ ಆ ಎರಡು ತುದಿಗಳನ್ನು ನೋಡಿದ. ಅಂಥ ಮಡಿಕೆ ಬೈಂಡರನ ಕೈಯದಲ್ಲದೆ ಬೇರೆ ಯಾರದೂ ಅಲ್ಲ.

"ಹೂಂ ಕಣಪ್ಪ, ನಾನೇ ಹಾಕಿದ್ದೆ," ಎಂದ.

ನಾನು ಬಾಯಿ ಬಿಡಲಿಲ್ಲ. ಆಗಲೂ ಬಿಡಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಬೆರಳಿನ ಜೊತೆ ಹೆಸರೂ ಹೋದ ಮೇಲೆ ವೈರಿಂಗಿನವನಿಗೆ ಉಳಿಯುವುದೇನು? ಅಂಗಡಿ ಮುಚ್ಚಿದ.

ಈಗ ನನ್ನ ಅಂಗಡಿಯಲ್ಲೇ ಕೂರುತ್ತಾನೆ. ಎಡಗೈಯಲ್ಲಿ ರಟ್ಟಿಗೆ ಅಂಟು ಬಳಿಯುತ್ತಾನೆ. ಮೊನ್ನೆ ನಾನು ತಡೆಯಲಾರದೆ ಅವನ ಕಾಲ ಬಳಿ ಕೂತು, "ಅಣ್ಣಾ, ಆ ತಂತಿ..." ಎಂದೆ.

"ಗೊತ್ತು," ಎಂದ. ಸ್ವಲ್ಪ ಹೊತ್ತು ಅಂಟು ಬಳಿದ. "ಅವತ್ತೇ ಹೇಳಿದ್ರೆ ಏನಾಗ್ತಿತ್ತೋ? ಬೈತಿದ್ದೆ, ಅಷ್ಟೇ. ಬೈದು ಬೇರೆ ಫ್ಯೂಸ್ ಹಾಕ್ತಿದ್ದೆ."

"ಈಗ್ಲಾದ್ರೂ ಬೈಯೋ," ಎಂದೆ.

ಅಣ್ಣ ಬೈಯಲಿಲ್ಲ. ಇನ್ನೊಂದು ರಟ್ಟು ಕೊಡು ಎಂದು ಎಡಗೈ ಚಾಚಿದ.