ಬೈಗುಳವೆಲ್ಲ ಹಾಡು ಮುಗಿಯುವುದರೊಳಗೆ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬೀದಿಯ ಕೊನೆಯ ಹೊಲಿಗೆ ಅಂಗಡಿಯ ಬಾಗಿಲು ಅರ್ಧ ತೆರೆದಿದೆ. ಒಳಗಿನಿಂದ ಪಿಟೀಲಿನ ರಾಗವೊಂದು ಹೊರಬರುತ್ತಿದೆ. ಮೇಜಿನ ಮೇಲೆ, ದಾರದ ಉಂಡೆಗಳ ನಡುವೆ, ಸ್ಪೀಕರಿಗೆ ಹಾಕಿದ ಫೋನು ಒರಗಿ ಕೂತಿದೆ. ಅದರ ಪಕ್ಕದಲ್ಲಿ ಅಂಗಿಯೊಂದಕ್ಕೆ ಗುಂಡಿ ತೂರುವ ಕಾಜಾ ಹೊಲಿಯುತ್ತಿರುವವರು ಈ ಅಂಗಡಿಯ ಒಡತಿ. ಬೀದಿಯವರ ಬಾಯಲ್ಲಿ ಫೋನಕ್ಕ. ರಾಗ ಅವರು ಇಷ್ಟಪಟ್ಟು ಹಾಕಿಕೊಂಡದ್ದಲ್ಲ, ವಿದ್ಯುತ್ ಕಂಪನಿ ಕೇಳಿಸುತ್ತಿರುವುದು. ನಡುನಡುವೆ ಸವಿದನಿಯೊಂದು ಬಂದು, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೇಳಿ ಮಾಯವಾಗುತ್ತದೆ.

"ಅಮೂಲ್ಯವಂತೆ. ಅದಕ್ಕೇ ಎಲ್ಲೋ ಪೆಟ್ಟಿಗೇಲಿ ಇಟ್ಟು ಬೀಗ ಹಾಕಿದಾರೆ," ಎನ್ನುತ್ತಾರೆ ಫೋನಕ್ಕ, ದಾರ ಕಚ್ಚುತ್ತ.

ಎದುರಿನ ಬೆಂಚಿನ ಮೇಲೆ ಪಕ್ಕದ ಮನೆಯ ನಿವೃತ್ತ ಕಾವಲುಗಾರರು ಕೂತಿದ್ದಾರೆ. ಅವರ ಹೆಂಡತಿಯ ಶ್ವಾಸಕೋಶ ಸೋತಿದೆ. ಹಾಸಿಗೆಯ ಪಕ್ಕದ ಯಂತ್ರವೊಂದು ಓಡುತ್ತಿದ್ದರೆ ಮಾತ್ರ ಆಕೆಗೆ ಉಸಿರು. ಇವತ್ತು ಬೆಳಗ್ಗೆ ಆ ಮನೆಯ ಕರೆಂಟು ಕತ್ತರಿಸಲು ಜನ ಬರುವವರಿದ್ದಾರೆ. ಬಿಲ್ಲು ಬಾಕಿ ಏನಿಲ್ಲ. ರಸ್ತೆ ಅಗಲ ಮಾಡುವಾಗ ಆ ಸಾಲಿನ ಮನೆಗಳನ್ನೆಲ್ಲ ಕೆಡವಿದರು, ಇವರದೊಂದು ಉಳಿಯಿತು. ಕಂಪನಿಯ ಕಂಪ್ಯೂಟರಿನಲ್ಲಿ ಮಾತ್ರ ಅದೂ ಬಿದ್ದುಹೋಗಿದೆ. ಕೇಳಲು ಹೋದರೆ ಕಂಪನಿ ನಗರಸಭೆಯ ಕಡೆ ಕೈ ತೋರಿಸಿತು, ನಗರಸಭೆ ಕಂಪನಿಯ ಕಡೆ. ಕೊನೆಗೆ ಕೌಂಟರಿನವನು ಪತ್ರಿಕೆಯ ತುಣುಕೊಂದನ್ನು ಮುಂದಿಟ್ಟ. ಸಾಲಿನ ಎಲ್ಲ ಮನೆ ತೆರವು, ನಿವಾಸಿಗಳ ಮೊಗದಲ್ಲಿ ನಗು, ಎಂದಿತ್ತು. ಅಚ್ಚಾದದ್ದು ನೀವೀಗ ಓದುತ್ತಿರುವಂಥದೇ ಒಂದು ಪತ್ರಿಕೆಯಲ್ಲಿ, ಅದನ್ನು ಮುಚ್ಚಿಡುವಂತಿಲ್ಲ.

"ಆ ಪೇಪರು ದಿನಾ ನಮ್ಮನೆ ಬಾಗಿಲಿಗೇ ಬಂದು ಬೀಳುತ್ತೆ ಸ್ವಾಮಿ, ಮನೆ ಇಲ್ದಿದ್ರೆ ಎಲ್ಲಿ ಬೀಳುತ್ತೆ ಅಂತ ಕೇಳ್ದೆ," ಎನ್ನುತ್ತಾರೆ ಕಾವಲುಗಾರರು. "ನೆಕ್ಸ್ಟ್ ಅಂದ."

ಫೋನಕ್ಕನಿಗೆ ಈ ಕೆಲಸ ಅಂಟಿಕೊಂಡದ್ದು ಸ್ವಂತ ಸಂಕಟದಿಂದ. ಗಂಡ ಬಸ್ಸಿನ ಡ್ರೈವರು, ಮನೆಗಿಂತ ಹಾದಿಯಲ್ಲೇ ಹೆಚ್ಚು. ಮಕ್ಕಳು ಚಿಕ್ಕವರಿದ್ದಾಗ, ಹೊಸದಾಗಿ ಕೊಂಡ ಹೊಲಿಗೆ ಯಂತ್ರದ ಮೋಟಾರು ತಿಂಗಳೊಳಗೆ ಕೈಕೊಟ್ಟಿತು. ದೊಡ್ಡ ಕಂಪನಿಯ ಯಂತ್ರ. ಫೋನು ಮಾಡಿ ಮಾಡಿ ಸಾಕಾಗಿ ಮೋಟಾರು ಕೇಳಿದರೆ, ಅಂದವಾದ ಡಬ್ಬಿಯಲ್ಲಿ ಅದರ ಮುಚ್ಚಳ ಕಳಿಸಿದರು. ಫೋನಕ್ಕ ಬಿಡಲಿಲ್ಲ. ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಮೋಟಾರು ಬಂತು. ಸುದ್ದಿ ಬೀದಿಯಲ್ಲಿ ಹಬ್ಬಿತು. ಈಗ ದಿನಕ್ಕೆ ನಾಲ್ಕೈದು ಮಂದಿ ಫೋನು ಹಿಡಿದು ಬರುತ್ತಾರೆ. ಗ್ಯಾಸಿನವರು, ಬ್ಯಾಂಕಿನವರು, ವಿಮೆಯವರು ಎತ್ತದ ಕರೆಗಳೆಲ್ಲ ಈ ಮೇಜಿಗೆ ಬರುತ್ತವೆ.

ಇದಕ್ಕೆಂದೇ ಅವರು ಹೊಲಿಗೆಯ ಕೆಲಸವನ್ನು ವಿಂಗಡಿಸಿಕೊಂಡಿದ್ದಾರೆ. ಹೊಲಿಗೆ ಯಂತ್ರ ತುಳಿದರೆ ಫೋನಿನ ಆ ಕಡೆಯ ಮುದ್ರಿತ ದನಿ ಸದ್ದನ್ನೇ ಉತ್ತರವೆಂದು ತಿಳಿದು, ನೀವು ಹೇಳಿದ್ದು ಅರ್ಥವಾಗಲಿಲ್ಲ ಎನ್ನುತ್ತದೆ. ಹಾಗಾಗಿ ಗುಂಡಿ, ಕಾಜಾ, ಅಂಚು ಮಡಿಸುವ ಕೈಹೊಲಿಗೆಯನ್ನೆಲ್ಲ ಕಾಯುವ ಹೊತ್ತಿಗೆ ಎತ್ತಿಡುತ್ತಾರೆ.

ಬಂದವರಿಗೆ ಒಂದೇ ಒಂದು ಕಟ್ಟಳೆ. "ಬೈಯೋದೆಲ್ಲ ಹಾಡು ಬರ್ತಿರೋವಾಗ್ಲೇ ಮುಗಿಸ್ಬೇಕು. ಹಾಡಿಗೆ ಎಷ್ಟು ಬೈದ್ರೂ ನೋವಾಗಲ್ಲ. ಮನುಷ್ಯರ ದನಿ ಬಂದ್ಮೇಲೆ ಬಾಯಿ ಮುಚ್ಚಬೇಕು. ಪಾಪ, ಅವ್ರೇನು ನಮ್ಮನೆ ಕೆಡವಿದ್ರಾ?"

ಕಾವಲುಗಾರರು ಹಿಂದಿನ ವಾರ ಎಡವಿದ್ದು ಇಲ್ಲೇ. ಕಂಪನಿಯ ಅಜ್ಜ ಮುತ್ತಜ್ಜರವರೆಗೆ ಬೈಯುತ್ತ ಹೋಗಿದ್ದರು. ರಾಗ ನಿಂತದ್ದು ಕಿವಿಗೆ ಬೀಳಲೇ ಇಲ್ಲ. ಎತ್ತಿದವರು ಕೇಳಿಸಿಕೊಂಡು ಇಟ್ಟುಬಿಟ್ಟರು.

"ಇವತ್ತು ಹಾಗೆ ಮಾಡಿದ್ರೆ ಅತ್ತಿಗೆಗೆ ನೀವೇ ಗಾಳಿ ಊದಬೇಕಾಗುತ್ತೆ, ಅಣ್ಣ," ಎನ್ನುತ್ತಾರೆ ಫೋನಕ್ಕ.

"ಬೈಗುಳ ಎಲ್ಲ ಖಾಲಿ ಕಣಕ್ಕ. ರಾತ್ರಿನೇ ಮುಗಿಸ್ಕೊಂಡು ಬಂದಿದೀನಿ."

ಅಷ್ಟರಲ್ಲಿ ರಾಗ ತುಂಡಾಗುತ್ತದೆ. ಹುಡುಗಿಯೊಬ್ಬಳ ದಣಿದ ದನಿ. ಫೋನಕ್ಕ ಸೂಜಿ ಕೆಳಗಿಡುತ್ತಾರೆ.

"ತಿಂಡಿ ಆಯ್ತಾ ತಂಗಿ?"

"ಇನ್ನೂ ಇಲ್ಲ ಮೇಡಂ. ಹೇಳಿ."

ಫೋನಕ್ಕ ವಿಷಯ ಹೇಳುತ್ತಾರೆ. ಹುಡುಗಿ ಹುಡುಕುತ್ತಾಳೆ. "ಆ ಮನೆ ತೆರವಾಗಿದೆ ಅಂತ ಇದೆ ಮೇಡಂ. ನಂಗೆ ಬೇರೇನೂ ಕಾಣಿಸ್ತಿಲ್ಲ."

ಕಾವಲುಗಾರರ ಕತ್ತಿನ ನರ ಉಬ್ಬುತ್ತದೆ. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

"ಕಾಣಿಸೋದು ಬೇಡ, ಕೇಳಿಸ್ಕೋ," ಎಂದು ಫೋನಕ್ಕ ಎದ್ದು, ಫೋನು ಹಿಡಿದು ಪಕ್ಕದ ಮನೆಗೆ ನಡೆಯುತ್ತಾರೆ. ಬಾಗಿಲು ತಟ್ಟಿದ ಸದ್ದು. ಒಳಗೆ ಯಂತ್ರದ ಗುಂಯ್ ಎನ್ನುವ ಮೊರೆತ. ಹಾಸಿಗೆಯಲ್ಲಿ ಒರಗಿದ ಮುದುಕಿ, ಫೋನಿನಲ್ಲಿರುವುದು ಯಾರೋ ನೆಂಟರ ಹುಡುಗಿ ಎಂದುಕೊಂಡು ಮುಖದ ಮೇಲಿನ ಉಸಿರಿನ ಮಾಸ್ಕು ಸರಿಸುತ್ತಾರೆ.

"ಯಾರಮ್ಮ? ಒಂದ್ಸಲ ಮನೆ ಕಡೆ ಬಾ, ನೋಡಿ ಎಷ್ಟು ದಿನ ಆಯ್ತು."

"ಯಾರು ಮೇಡಂ ಅದು?" ಹುಡುಗಿ ಕೇಳುತ್ತಾಳೆ.

"ಬಿದ್ದುಹೋದ ಮನೆ ಯಜಮಾನಿ."

ಕೀಲಿಗಳು ಟಕಟಕ ಎನ್ನುತ್ತವೆ. ಕತ್ತರಿಸುವ ಆದೇಶಕ್ಕೆ ತಡೆ ಹಾಕಿದ್ದೇನೆ, ಅಧಿಕಾರಿಯೊಬ್ಬರು ಬಂದು ಮನೆ ನೋಡಿ ದಾಖಲೆ ಸರಿಪಡಿಸುವವರೆಗೆ ಯಾರೂ ತಂತಿ ಮುಟ್ಟುವುದಿಲ್ಲ, ಎಂದು ಹುಡುಗಿ ಹೇಳುತ್ತಾಳೆ.

"ಏಣಿ ಹೊತ್ಕೊಂಡು ಬರೋನಿಗೆ ಗೊತ್ತಾ?"

"ಮೆಸೇಜು ಹೋಗಿದೆ ಮೇಡಂ."

"ಹೋಗಿದ್ದು ಮುಟ್ಟಿತಾ ಅಂತ ಕೇಳು. ನಾನು ಕಾಯ್ತೀನಿ, ನಂಗೆ ಅಭ್ಯಾಸ ಇದೆ."

ಲೈನ್‌ಮನ್ ಅಷ್ಟು ಹೊತ್ತಿಗೆ ಬಂದು ಗೋಡೆಗೆ ಏಣಿ ಒರಗಿಸಿಯಾಗಿದೆ. ಎರಡು ಮೆಟ್ಟಿಲು ಹತ್ತಿದವನ ಜೇಬು ಸದ್ದು ಮಾಡುತ್ತದೆ. ಓದಿಕೊಂಡು, ಮನೆಯನ್ನೊಮ್ಮೆ ನೋಡಿ, ಮತ್ತೆ ಫೋನು ನೋಡಿ, "ಇರೋ ಮನೆನೇ ಬಿಡಿ," ಎಂದು ತನ್ನಷ್ಟಕ್ಕೆ ಅಂದುಕೊಂಡು ಕೆಳಗಿಳಿಯುತ್ತಾನೆ. ಕಾವಲುಗಾರರು ಏಣಿಯ ಇನ್ನೊಂದು ತುದಿಗೆ ಕೈ ಕೊಡುತ್ತಾರೆ. ಆಮೇಲೆ ಒಳಗೆ ಹೋಗಿ ಹೆಂಡತಿಯ ಮಾಸ್ಕು ಸರಿಮಾಡುತ್ತಾರೆ.

ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬರುತ್ತದೆ. ಬೆಳಗಿನ ಹುಡುಗಿಯೇ, ಊಟದ ಬಿಡುವಿನಲ್ಲಿ ಸ್ವಂತ ಫೋನಿನಿಂದ ಮಾಡಿದ್ದಾಳೆ. ದನಿ ತಗ್ಗಿಸಿ ಹೇಳುತ್ತಾಳೆ: ಅವಳ ಮನೆಯ ನಲ್ಲಿಯಲ್ಲಿ ನೀರು ನಿಂತು ಬಹಳ ದಿನವಾಗಿದೆ, ನೀರಿನ ಕಚೇರಿಯವರ ಪ್ರಕಾರ ಬರುತ್ತಿದೆಯಂತೆ.

"ದಿನವಿಡೀ ಫೋನಲ್ಲೇ ಇರ್ತೀನಿ ಅಕ್ಕ. ಅವ್ರಿಗೆ ಫೋನ್ ಮಾಡೋಕೆ ನಂಗೆ ಹೊತ್ತೇ ಸಿಗಲ್ಲ."

"ನಾಳೆ ಬೆಳಗ್ಗೆ ನಿಂದೇ ಮೊದಲು. ಈಗ ಹೋಗಿ ಉಣ್ಣು."

ಫೋನು ಇಟ್ಟು ಫೋನಕ್ಕ ಮತ್ತೆ ಸೂಜಿ ಎತ್ತಿಕೊಳ್ಳುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ, ಅವರು ತಮಗಾಗಿ ಏನನ್ನೂ ಕೇಳುವುದಿಲ್ಲ.

"ಊರವರ ಬೈಗುಳ ಕೇಳೋಕೆ ಹೋಗಿ ಕೂರೋ ಹುಡುಗಿ," ಎನ್ನುತ್ತಾರೆ. "ಬೆಳಗ್ಗೆ ತಲೆ ಮೇಲೆ ಎರಡು ತಂಬಿಗೆ ನೀರಾದ್ರೂ ಸುರ್ಕೊಂಡು ಹೋಗ್ಲಿ."